ಎಚ್‌ಡಿಎಲ್ ಹತ್ತು, ಆದರೂ ಹೃದಯ ಗಟ್ಟಿ: ಲಿಮೋನೆ ಊರಿನ ಪ್ರಕರಣ

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಮಾಡಿಸಿದವರಿಗೆಲ್ಲ ಗೊತ್ತು. ‘ಒಳ್ಳೆ ಕೊಲೆಸ್ಟ್ರಾಲ್’ ಅನ್ನಿಸಿಕೊಂಡ ಎಚ್‌ಡಿಎಲ್ 40ಕ್ಕಿಂತ ಕೆಳಗಿದ್ದರೆ ಲ್ಯಾಬಿನವರು ಆ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿ ಕೊಡುತ್ತಾರೆ. ಮನೆಗೆ ಬಂದು ರಿಪೋರ್ಟ್ ಬಿಚ್ಚಿದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. 1970ರ ದಶಕದಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರ ಮುಂದೆ ಒಂದು ಕುಟುಂಬದ ರಿಪೋರ್ಟ್ ಬಂತು. ತಂದೆ ರೈಲ್ವೆ ನೌಕರ. ಅವರು, ಅವರ ಮಗ, ಮಗಳು, ಮೂವರದೂ ಎಚ್‌ಡಿಎಲ್ 7ರಿಂದ 14ರ ಒಳಗೆ. ಮೇಲಿಂದ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಜಾಸ್ತಿ. (ಈ ಬರಹದಲ್ಲಿ ಬರುವ ಇಂಥ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ನಮ್ಮ ಲ್ಯಾಬುಗಳೂ ಅದನ್ನೇ ಬಳಸುತ್ತವೆ.)

ಆ ಕಾಲಕ್ಕೆ ಇದು ಗಾಬರಿ ಹುಟ್ಟಿಸುವ ರಿಪೋರ್ಟ್. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಸಾವಿರಾರು ಜನರ ಆರೋಗ್ಯವನ್ನು ಬರೆದಿಡುತ್ತಾ ಬಂದಿದ್ದರು. 1977ರಲ್ಲಿ ಅಲ್ಲಿಂದ ಬಂದ ವರದಿ ಹೇಳಿದ್ದು ಇಷ್ಟು: ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆ ಜಾಸ್ತಿ. ವಿವರಣೆಯೂ ಸಿದ್ಧವಿತ್ತು. ಎಚ್‌ಡಿಎಲ್ ಕಣಗಳು ರಕ್ತನಾಳದ ಗೋಡೆಯಿಂದ ಕೊಲೆಸ್ಟ್ರಾಲ್ ಎತ್ತಿಕೊಂಡು ಪಿತ್ತಜನಕಾಂಗಕ್ಕೆ ಸಾಗಿಸುತ್ತವೆ. ಸಾಗಿಸುವವರು ಕಡಿಮೆಯಾದರೆ ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ‘ಒಳ್ಳೆ ಕೊಲೆಸ್ಟ್ರಾಲ್’ ಅನ್ನುವ ಮಾತು ಮನೆಮಾತಾಗಿದ್ದು ಹೀಗೆ.

ಈ ಲೆಕ್ಕದಲ್ಲಿ ಎಚ್‌ಡಿಎಲ್ ಹತ್ತರ ಆಸುಪಾಸು ಇರುವ ರೈಲ್ವೆ ನೌಕರರ ರಕ್ತನಾಳಗಳು ಹಾಳಾಗಿರಬೇಕಿತ್ತು. ಆಗಿರಲಿಲ್ಲ. ಮಕ್ಕಳಿಗೂ ಏನೂ ಆಗಿರಲಿಲ್ಲ. ಮನೆತನದಲ್ಲೂ ಹೃದಯಾಘಾತದ ಇತಿಹಾಸ ಹೇಳಿಕೊಳ್ಳುವಷ್ಟು ಇರಲಿಲ್ಲ.

ಮಿಲಾನ್ ವಿಶ್ವವಿದ್ಯಾಲಯದ ಚೆಸಾರೆ ಸಿರ್ತೋರಿ ಮತ್ತು ಗ್ವಿದೊ ಫ್ರಾಂಚೆಸ್ಕಿನಿ ಇದನ್ನು ‘ಏನೋ ಲ್ಯಾಬ್ ತಪ್ಪಿರಬೇಕು’ ಅಂತ ಬಿಟ್ಟುಬಿಡಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರ ಜೊತೆ ಸೇರಿ ಆ ಕುಟುಂಬದ ಎಚ್‌ಡಿಎಲ್ ಕಣವನ್ನು ಬಿಚ್ಚಿ ನೋಡಿದರು. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನ್ ಹೆಸರು ಅಪೊ ಎ-1. 243 ಅಮೈನೊ ಆಮ್ಲಗಳ ಸರಪಳಿ ಅದು. ಅದರಲ್ಲಿ ಸಿಸ್ಟೀನ್ ಅನ್ನುವ ಅಮೈನೊ ಆಮ್ಲ ಒಂದೂ ಇರುವುದಿಲ್ಲ. ಈ ಮೂವರ ಪ್ರೋಟೀನ್‌ನಲ್ಲಿ ಇತ್ತು! 173ನೇ ಜಾಗದಲ್ಲಿ ಆರ್ಜಿನೀನ್ ಇರಬೇಕಾದ ಕಡೆ ಸಿಸ್ಟೀನ್ ಬಂದು ಕೂತಿತ್ತು. ಒಂದು ಸಿಸ್ಟೀನ್ ಇನ್ನೊಂದು ಸಿಸ್ಟೀನ್ ಜೊತೆ ಗಂಧಕದ ಕೊಂಡಿ ಹಾಕಿಕೊಳ್ಳುತ್ತದೆ. ಹಾಗಾಗಿ ಈ ಪ್ರೋಟೀನ್‌ಗಳು ಜೋಡಿ ಜೋಡಿಯಾಗಿ ಅಂಟಿಕೊಂಡು ಓಡಾಡುತ್ತಿದ್ದವು. 1980ರಲ್ಲಿ ವರದಿ ಪ್ರಕಟವಾಯಿತು. ಪ್ರೋಟೀನ್‌ಗೆ ‘ಅಪೊ ಎ-1 ಮಿಲಾನೊ’ ಅಂತ ಹೆಸರಿಟ್ಟರು. ನ್ಯಾಯವಾಗಿ ಆ ಹೆಸರು ರೈಲ್ವೆ ನೌಕರರ ಹುಟ್ಟೂರಿಗೆ ಸಲ್ಲಬೇಕಿತ್ತು.

ಆ ಊರು ಲಿಮೋನೆ ಸುಲ್ ಗಾರ್ದ. ಉತ್ತರ ಇಟಲಿಯ ಗಾರ್ದ ಸರೋವರದ ಪಶ್ಚಿಮ ದಡದಲ್ಲಿದೆ. ಮುಂದೆ ನೀರು, ಬೆನ್ನಿಗೆ ಕಡಿದಾದ ಬಂಡೆ. 1930ರ ದಶಕದ ಆರಂಭದಲ್ಲಿ ಬಂಡೆ ಕೊರೆದು ದಡದುದ್ದಕ್ಕೂ ರಸ್ತೆ ಮಾಡುವವರೆಗೆ ಅಲ್ಲಿಗೆ ಹೋಗಲು ದೋಣಿ ಹತ್ತಬೇಕು, ಇಲ್ಲವೇ ಬೆಟ್ಟದ ಕಾಲುದಾರಿ ಹಿಡಿಯಬೇಕು. ಮೀನು, ಆಲಿವ್, ನಿಂಬೆ ತೋಟಗಳೇ ಜೀವನ. ಹೊರಗಿನವರು ಬರುವುದು ಕಡಿಮೆ ಇರುವ ಊರಿನಲ್ಲಿ ಮದುವೆಗಳೂ ಅಲ್ಲಲ್ಲೇ ಆಗುತ್ತವೆ. ನಮ್ಮ ಕಡೆ ಸೋದರಮಾವನ ಮನೆಗೆ ಹೆಣ್ಣು ಕೊಡುವ ಊರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿರ್ತೋರಿ ತಂಡ ಊರಿಗೆ ಊರನ್ನೇ ಪರೀಕ್ಷಿಸಿತು. ಸುಮಾರು ಸಾವಿರ ಜನ. ಎಲ್ಲರ ರಕ್ತ ತೆಗೆದು ನೋಡಿದಾಗ ಬದಲಾದ ಪ್ರೋಟೀನ್ ಇದ್ದವರು 33 ಮಂದಿ ಸಿಕ್ಕರು. ಎರಡು ವರ್ಷದ ಮಗುವಿನಿಂದ 81 ವರ್ಷದವರ ತನಕ. ವಂಶಾವಳಿಯನ್ನು ಹಿಂದಕ್ಕೆ ಜಾಡು ಹಿಡಿದು ಹೋದರೆ ಎಲ್ಲರ ಗೆರೆಯೂ 18ನೇ ಶತಮಾನದ ಒಂದೇ ದಂಪತಿಯಲ್ಲಿ ಕೂಡುತ್ತಿತ್ತು. 33 ಮಂದಿಗೂ ಈ ಬದಲಾದ ಜೀನ್ ಅಪ್ಪ ಅಥವಾ ಅಮ್ಮ, ಒಬ್ಬರಿಂದ ಮಾತ್ರ ಬಂದಿತ್ತು. 1985ರಲ್ಲಿ ಈ ಪೂರ್ತಿ ಸಂಸಾರದ ವರದಿ ಬಂತು.

ಇಲ್ಲಿಂದ ಕತೆಗೆ ರೆಕ್ಕೆ ಬಂತು. ಎಚ್‌ಡಿಎಲ್ ಕಡಿಮೆ ಇದ್ದೂ ಹೃದಯ ಚೆನ್ನಾಗಿದೆ ಅಂದರೆ ಇವರ ಎಚ್‌ಡಿಎಲ್ ಸಾಮಾನ್ಯದ್ದಲ್ಲ, ಇದ್ದಷ್ಟೇ ಕಣಗಳು ಹತ್ತು ಪಟ್ಟು ದುಡಿಯುತ್ತಿರಬೇಕು ಅನ್ನುವ ಊಹೆ. ಪತ್ರಿಕೆಗಳು ಆ ಊರಿಗೆ ದೌಡಾಯಿಸಿದವು. ಊಹೆ ಚೆನ್ನಾಗಿದೆ. ಆದರೆ 33 ಜನರನ್ನು ಇಟ್ಟುಕೊಂಡು ‘ಇವರಿಗೆ ಹೃದಯಾಘಾತವೇ ಆಗಲ್ಲ’ ಅಂತ ಸಾಬೀತು ಮಾಡಲಾಗುವುದಿಲ್ಲ. ಅದರಲ್ಲೂ ಮಕ್ಕಳು ಸೇರಿದ ಗುಂಪು. ಆಲಿವ್ ಎಣ್ಣೆ, ಸರೋವರದ ಮೀನು, ದಿನವಿಡೀ ಬೆಟ್ಟ ಹತ್ತಿಳಿಯುವ ಬದುಕು ಬೇರೆ. ಯಾವುದರ ಪುಣ್ಯ ಯಾವುದಕ್ಕೆ ಬರೆಯುವುದು?

2001ರಲ್ಲಿ ಸಿರ್ತೋರಿ ತಂಡವೇ ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಮಾಡಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಂಶೋಧನಾ ವರದಿ ಅದು. ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳದ ಗೋಡೆ ಎಷ್ಟು ದಪ್ಪ ಇದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಮಿಲಾನೊ ಪ್ರೋಟೀನ್ ಇರುವ 21 ಮಂದಿಯಲ್ಲಿ ಗೋಡೆ ಸರಾಸರಿ 0.63 ಮಿಲಿಮೀಟರ್. ಎಚ್‌ಡಿಎಲ್ ಬೇರೆ ಕಾರಣಕ್ಕೆ ಕಡಿಮೆ ಇರುವ, ಈ ಮನೆತನಕ್ಕೆ ಸೇರದ ಎರಡು ಗುಂಪುಗಳಲ್ಲಿ 0.86 ಮತ್ತು 0.88. ವ್ಯತ್ಯಾಸ ಎದ್ದು ಕಾಣುತ್ತದೆ, ಅಲ್ವಾ? ಸುದ್ದಿಯಾಗಿದ್ದೂ ಇದೇ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿತ್ತು. ಅದೇ ಮನೆತನದವರು, ಅದೇ ವಯಸ್ಸಿನವರು, ಆದರೆ ಮಿಲಾನೊ ಪ್ರೋಟೀನ್ ಇಲ್ಲದ, ಎಚ್‌ಡಿಎಲ್ ಸರಿಯಾಗಿರುವ ನೆಂಟರು. ಅವರ ರಕ್ತನಾಳದ ಗೋಡೆ 0.64. ಅಂದರೆ ಮಿಲಾನೊ ಇದ್ದವರಿಗೂ ಇಲ್ಲದವರಿಗೂ ಏನೂ ವ್ಯತ್ಯಾಸವಿಲ್ಲ. ಆ ಪ್ರೋಟೀನ್ ಅವರನ್ನು ನೆಂಟರಿಗಿಂತ ಹೆಚ್ಚು ಕಾಪಾಡಿದ್ದು ಕಾಣಲಿಲ್ಲ. ಎಚ್‌ಡಿಎಲ್ ಕಡಿಮೆ ಇದ್ದದ್ದು ಅವರಿಗೆ ಹಾನಿ ಮಾಡಲಿಲ್ಲ ಅನ್ನುವುದಷ್ಟೇ ಕಂಡಿತು. ‘ಈ ಪ್ರೋಟೀನ್ ಹೃದಯ ಕಾಪಾಡುತ್ತದೆ’ ಅನ್ನುವ ಮಾತಿಗೂ ‘ಎಚ್‌ಡಿಎಲ್ ಕಡಿಮೆ ಇದ್ದದ್ದು ಹಾನಿ ಮಾಡಲಿಲ್ಲ’ ಅನ್ನುವ ಮಾತಿಗೂ ನಡುವೆ ದೊಡ್ಡ ಕಂದಕವಿದೆ. ಮೊದಲನೆಯದನ್ನು ನಂಬಿದರೆ ಔಷಧಿ ತಯಾರಿಸಲು ಹೊರಡುತ್ತೀರಿ. ಎರಡನೆಯದನ್ನು ನಂಬಿದರೆ ಎಚ್‌ಡಿಎಲ್ ಅಂಕಿಯ ಮೇಲೆಯೇ ಅನುಮಾನ ಪಡುತ್ತೀರಿ. ಜಗತ್ತು ಮೊದಲನೆಯದನ್ನು ಆರಿಸಿಕೊಂಡಿತು.

ಹಾಗೆ ಆರಿಸಿಕೊಳ್ಳಲು ಕಾರಣವೂ ಇತ್ತು ಅನ್ನಿ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಭಾರತ ಮೂಲದ ಪಿ. ಕೆ. ಶಾ ಅವರ ತಂಡ 1990ರ ದಶಕದಲ್ಲಿ ಈ ಪ್ರೋಟೀನ್ ಅನ್ನು ಮೊಲ ಮತ್ತು ಇಲಿಗಳಿಗೆ ಚುಚ್ಚಿತ್ತು. ರಕ್ತನಾಳದ ಕೊಬ್ಬು ನಿಜಕ್ಕೂ ಕಡಿಮೆಯಾಗಿತ್ತು. ಎಸ್ಪೀರಿಯನ್ ಅನ್ನುವ ಸಣ್ಣ ಅಮೆರಿಕನ್ ಕಂಪನಿ ಇದನ್ನು ಔಷಧಿಯಾಗಿ ಮಾಡಿತು.

2003ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟೀವನ್ ನಿಸನ್ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದರು. ಆಗಷ್ಟೇ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದವರಿಗೆ ವಾರಕ್ಕೊಂದರಂತೆ ಐದು ಡ್ರಿಪ್. ಮೊದಲೂ ಆಮೇಲೂ ಹೃದಯದ ರಕ್ತನಾಳದೊಳಗೆ ತೆಳ್ಳಗಿನ ಕ್ಯಾಥೆಟರ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಿಂದ ಕೊಬ್ಬಿನ ಗಾತ್ರ ಅಳೆದರು. ಅಳತೆ ಪೂರ್ತಿಯಾದದ್ದು 47 ಮಂದಿಯಲ್ಲಿ. ಔಷಧಿ ಪಡೆದವರ ರಕ್ತನಾಳದಲ್ಲಿ ಕೊಬ್ಬು ತುಂಬಿದ್ದ ಪಾಲು ಶೇ. 1.06ರಷ್ಟು ಇಳಿದಿತ್ತು. ಐದೇ ವಾರದಲ್ಲಿ! ವರ್ಷಗಟ್ಟಲೆ ಮಾತ್ರೆ ನುಂಗಿದರೂ ಕೊಬ್ಬು ಕರಗುವುದು ಕಷ್ಟ ಅನ್ನುವ ಕಾಲದಲ್ಲಿ ಇದು ದೊಡ್ಡ ಸುದ್ದಿ.

ಹತ್ತಿರದಿಂದ ನೋಡಿದರೆ ಫಲಿತಾಂಶ ಅಷ್ಟು ಗಟ್ಟಿ ಇರಲಿಲ್ಲ. ಔಷಧಿ ಇಲ್ಲದ ಡ್ರಿಪ್ ಪಡೆದವರು 11 ಮಂದಿ ಮಾತ್ರ. ಮುಖ್ಯ ಲೆಕ್ಕದಲ್ಲಿ ಅವರ ಜೊತೆ ಹೋಲಿಕೆಯೇ ಇರಲಿಲ್ಲ, ಔಷಧಿ ಪಡೆದವರ ಮೊದಲಿನ ಸ್ಥಿತಿಯ ಜೊತೆ ಹೋಲಿಸಿದ್ದರು. ಜಾಸ್ತಿ ಡೋಸ್ ಕೊಟ್ಟವರಲ್ಲಿ ಕೊಬ್ಬು ಇಳಿದದ್ದು ಕಡಿಮೆ ಡೋಸ್‌ನವರಿಗಿಂತ ಕಮ್ಮಿ. ಇಷ್ಟಾದರೂ ಮರುತಿಂಗಳೇ ಫೈಜರ್ ಕಂಪನಿ ಎಸ್ಪೀರಿಯನ್ ಅನ್ನು 130 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು.

ಫೈಜರ್ ಕೈಯಲ್ಲಿ ಆಗ ಇನ್ನೊಂದು ಎಚ್‌ಡಿಎಲ್ ಔಷಧಿ ಇತ್ತು. ಟಾರ್ಸೆಟ್ರಾಪಿಬ್ ಅದರ ಹೆಸರು. ಡ್ರಿಪ್ ಅಲ್ಲ, ಮಾತ್ರೆ. ಇದನ್ನು ಅರ್ಥ ಮಾಡಿಕೊಳ್ಳಲು ರಕ್ತದೊಳಗಿನ ಒಂದು ವ್ಯವಹಾರ ತಿಳಿದಿರಬೇಕು. ಮುಂದೆ ನಮ್ಮ ರಿಪೋರ್ಟ್ ಓದುವಾಗಲೂ ಅದೇ ಬೇಕಾಗುತ್ತದೆ. ರಕ್ತದಲ್ಲಿ ಸಿಇಟಿಪಿ ಅನ್ನುವ ಪ್ರೋಟೀನ್ ಇದೆ. ಅದು ಕೊಟ್ಟು-ತೆಗೆದುಕೊಳ್ಳುವ ಕೆಲಸ ಮಾಡುತ್ತದೆ. ಟ್ರೈಗ್ಲಿಸರೈಡ್ ತುಂಬಿದ ಕಣಗಳಿಂದ ಟ್ರೈಗ್ಲಿಸರೈಡ್ ತೆಗೆದು ಎಚ್‌ಡಿಎಲ್‌ಗೆ ಕೊಡುತ್ತದೆ, ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ತೆಗೆದು ಅತ್ತ ಕೊಡುತ್ತದೆ. ಹೀಗೆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಒಡೆದು, ಸಣ್ಣದಾಗಿ, ರಕ್ತದಿಂದ ಹೊರಟುಹೋಗುತ್ತದೆ. ಈ ವ್ಯವಹಾರವನ್ನು ನಿಲ್ಲಿಸಿದರೆ ಎಚ್‌ಡಿಎಲ್ ಏರಬೇಕು. ಟಾರ್ಸೆಟ್ರಾಪಿಬ್ ಮಾಡಿದ್ದು ಅದನ್ನೇ.

ಎಚ್‌ಡಿಎಲ್ ಏರಿತು. ಶೇ. 72ರಷ್ಟು. ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನಿಸಿಕೊಂಡ ಎಲ್‌ಡಿಎಲ್ ಕೂಡ ಶೇ. 25ರಷ್ಟು ಇಳಿಯಿತು. ರಿಪೋರ್ಟ್ ನೋಡಿದರೆ ಚಪ್ಪಾಳೆ ತಟ್ಟಬೇಕು. ಹದಿನೈದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ನಡೆಯುತ್ತಿತ್ತು. 2006ರ ಡಿಸೆಂಬರ್ 2ರಂದು ಅದನ್ನು ದಿಢೀರ್ ನಿಲ್ಲಿಸಿದರು. ಮಾತ್ರೆ ತೆಗೆದುಕೊಂಡವರಲ್ಲೇ ಜಾಸ್ತಿ ಜನ ಸಾಯುತ್ತಿದ್ದರು. ಅಂತಿಮ ಲೆಕ್ಕದಲ್ಲಿ 93 ಸಾವು, ಇನ್ನೊಂದು ಗುಂಪಿನಲ್ಲಿ 59. ನಿಲ್ಲಿಸುವ ಎರಡು ದಿನ ಮೊದಲಷ್ಟೇ ಕಂಪನಿಯ ಮುಖ್ಯಸ್ಥರು ಹೂಡಿಕೆದಾರರ ಮುಂದೆ ಈ ಮಾತ್ರೆಯನ್ನು ಹಾಡಿ ಹೊಗಳಿದ್ದರು.

ಈ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತಿತ್ತು, ಹಾಗಾಗಿ ತಪ್ಪು ಎಚ್‌ಡಿಎಲ್‌ನದ್ದಲ್ಲ, ಮಾತ್ರೆಯದ್ದು ಅಂತ ಕೆಲವರು ವಾದಿಸಿದರು. ಒಪ್ಪಬಹುದಾದ ವಾದವೇ. ಆದರೆ ಅದೇ ಜಾತಿಯ ಬೇರೆ ಮಾತ್ರೆಗಳೂ ಬಂದವು. ಡಾಲ್ಸೆಟ್ರಾಪಿಬ್ 2012ರಲ್ಲಿ ನಿಂತಿತು, ಇವಾಸೆಟ್ರಾಪಿಬ್ 2015ರಲ್ಲಿ. ಎರಡೂ ಎಚ್‌ಡಿಎಲ್ ಏರಿಸಿದವು, ಹೃದಯಕ್ಕೆ ಏನೂ ಲಾಭವಾಗಲಿಲ್ಲ. ಮೂವತ್ತು ಸಾವಿರ ಜನರ ಮೇಲೆ ಪ್ರಯೋಗವಾದ ಅನಾಸೆಟ್ರಾಪಿಬ್ 2017ರಲ್ಲಿ ಸ್ವಲ್ಪ ಲಾಭ ತೋರಿಸಿತು. ಎಚ್‌ಡಿಎಲ್ ದುಪ್ಪಟ್ಟಾಗಿತ್ತು, ಹೃದಯದ ಅವಘಡಗಳು ಶೇ. 9ರಷ್ಟು ಕಡಿಮೆಯಾಗಿದ್ದವು. ಲೆಕ್ಕ ಹಾಕಿ ನೋಡಿದರೆ ಆ ಲಾಭವನ್ನೆಲ್ಲ ಕೆಟ್ಟ ಕೊಲೆಸ್ಟ್ರಾಲ್ ಇಳಿದದ್ದರಿಂದಲೇ ವಿವರಿಸಬಹುದಿತ್ತು. ದುಪ್ಪಟ್ಟಾದ ಎಚ್‌ಡಿಎಲ್‌ಗೆ ಬರೆಯಲು ಏನೂ ಉಳಿಯಲಿಲ್ಲ.

ಈ ಮಧ್ಯೆ 2012ರಲ್ಲಿ ಜೀನ್‌ಗಳ ಕಡೆಯಿಂದ ಪೆಟ್ಟು ಬಿತ್ತು. ಸೇಕರ್ ಕತಿರೇಸನ್ ಮುಂದಾಳತ್ವದ ದೊಡ್ಡ ತಂಡವೊಂದು, ಹುಟ್ಟಿನಿಂದಲೇ ಎಚ್‌ಡಿಎಲ್ ಸ್ವಲ್ಪ ಹೆಚ್ಚಿರುವಂತೆ ಮಾಡುವ ಒಂದು ಜೀನ್ ಬದಲಾವಣೆಯನ್ನು ಹಿಡಿದು ನೋಡಿತು. ಹಳೆಯ ಲೆಕ್ಕದ ಪ್ರಕಾರ ಅಂಥವರಿಗೆ ಹೃದಯಾಘಾತ ಶೇ. 13ರಷ್ಟು ಕಡಿಮೆ ಇರಬೇಕು. ಒಂದು ಚೂರೂ ಕಡಿಮೆ ಇರಲಿಲ್ಲ. ಎಲ್‌ಡಿಎಲ್ ವಿಷಯದಲ್ಲಿ ಇದೇ ಪರೀಕ್ಷೆ ಮಾಡಿದರೆ ಉತ್ತರ ಸರಿಯಾಗಿ ಬರುತ್ತದೆ. ಹುಟ್ಟಿನಿಂದ ಎಲ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯಾಘಾತ ಕಡಿಮೆ.

ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟರೆ ಮಳೆ ಬರುತ್ತದೆ ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಆ ಮಾತು ಸುಳ್ಳಲ್ಲದಿರಬಹುದು. ಹಾಗಂತ ಇರುವೆಗಳನ್ನು ಗುಡಿಸಿ ಹಾಕಿದರೆ ಮಳೆ ನಿಲ್ಲುತ್ತದೆಯೇ? ಎಚ್‌ಡಿಎಲ್ ಔಷಧಿಗಳ ಇಪ್ಪತ್ತು ವರ್ಷ ಹೆಚ್ಚುಕಮ್ಮಿ ಆ ಗುಡಿಸುವ ಕೆಲಸದಲ್ಲೇ ಹೋಯಿತು.

ಲಿಮೋನೆ ಪ್ರೋಟೀನ್ ಏನಾಯಿತು? ಫೈಜರ್ ಕೈಬಿಟ್ಟಿತು. ಆಮೇಲೆ ಇನ್ನೊಂದು ಕಂಪನಿ ಅದನ್ನು ಎತ್ತಿಕೊಂಡು, ಶುದ್ಧವಾಗಿ ತಯಾರಿಸಿ, ಮತ್ತೆ ಅದೇ ಐದು ವಾರದ ಡ್ರಿಪ್ ಪ್ರಯೋಗ ಮಾಡಿತು. ಈ ಬಾರಿ ರೋಗಿಗಳೆಲ್ಲ ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆಯನ್ನೂ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು. ಪ್ರೋಟೀನ್ ಪಡೆದವರಲ್ಲಿ ಕೊಬ್ಬಿನ ಪಾಲು ಶೇ. 0.21 ಇಳಿಯಿತು. ಬರೀ ಖಾಲಿ ಡ್ರಿಪ್ ಪಡೆದವರಲ್ಲಿ ಶೇ. 0.94! ಸ್ಟಾಟಿನ್ ತನ್ನ ಕೆಲಸ ತಾನು ಮಾಡುತ್ತಿತ್ತು, ಲಿಮೋನೆಯ ಪವಾಡ ಅದರ ಮೇಲೆ ಏನನ್ನೂ ಸೇರಿಸಲಿಲ್ಲ. 2016ರಲ್ಲಿ ಔಷಧಿಯನ್ನು ಕೈಬಿಟ್ಟರು. ಕೊನೆಗೆ 2024ರಲ್ಲಿ, ಮಿಲಾನೊ ಅಲ್ಲದ ಸಾಮಾನ್ಯ ಅಪೊ ಎ-1 ಪ್ರೋಟೀನ್ ಅನ್ನು ಹದಿನೆಂಟು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ ಬಂತು. 90 ದಿನಗಳಲ್ಲಿ ಔಷಧಿ ಪಡೆದವರಲ್ಲಿ ಶೇ. 4.8 ಮಂದಿಗೆ ಅವಘಡ, ಪಡೆಯದವರಲ್ಲಿ ಶೇ. 5.2. ಆ ವ್ಯತ್ಯಾಸವನ್ನು ಗೆಲುವು ಅಂತ ಕರೆಯಲು ಬರುವುದಿಲ್ಲ.

ಈಗ ನಮ್ಮ ರಿಪೋರ್ಟ್‌ಗೆ ಬರೋಣ. ಲಿಮೋನೆ ಕತೆ ಕೇಳಿ ‘ಹಾಗಾದರೆ ನನ್ನ ಎಚ್‌ಡಿಎಲ್ 34 ಇದ್ದರೂ ಪರವಾಗಿಲ್ಲ’ ಅಂತ ರಿಪೋರ್ಟ್ ಮಡಚಿಟ್ಟರೆ ಅದು ಉಲ್ಟಾ ಪಾಠ. ಲಿಮೋನೆಯವರ ಎಚ್‌ಡಿಎಲ್ ಕಡಿಮೆ ಇದ್ದದ್ದು ಒಂದು ಜೀನ್‌ನಿಂದ. ನಮ್ಮಲ್ಲಿ ಬಹಳ ಜನರಿಗೆ ಕಡಿಮೆ ಇರುವುದು ಬೇರೆ ಕಾರಣಕ್ಕೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸಿದ ಅಧ್ಯಯನದ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನೋಡಿದಾಗ ಶೇ. 72.3 ಜನರ ಎಚ್‌ಡಿಎಲ್ ಕಡಿಮೆ ಇತ್ತು. ಎಲ್‌ಡಿಎಲ್ ಜಾಸ್ತಿ ಇದ್ದವರು ಶೇ. 11.8 ಮಾತ್ರ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ಶೇ. 29.5. ಹೊಟ್ಟೆಯ ಸುತ್ತ ಬೊಜ್ಜು, ಏರುತ್ತಿರುವ ಸಕ್ಕರೆ, ಟ್ರೈಗ್ಲಿಸರೈಡ್, ಆಮೇಲೆ ಸಿಇಟಿಪಿಯ ಆ ವ್ಯವಹಾರ, ಅದರಿಂದ ಎಚ್‌ಡಿಎಲ್ ಇಳಿಕೆ. ಇಳಿದ ಎಚ್‌ಡಿಎಲ್ ಇಲ್ಲಿ ಕೊನೆಯ ಕೊಂಡಿ. ಅದು ಹೇಳುವ ಸುದ್ದಿ ನಿಜ, ಕೆಡುಕು ಮಾತ್ರ ಹಿಂದಿನ ಕೊಂಡಿಗಳಲ್ಲಿದೆ.

ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಬರುತ್ತದೆ, ಬೇರೆ ದೇಶದವರಿಗೆ 58.8ಕ್ಕೆ ಅಂತ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿತು. ಕೇರಳ ಮೂಲದ ಸಲೀಂ ಯೂಸುಫ್ ಅದರ ಮುಖ್ಯಸ್ಥರು. 2007ರ ಆ ವರದಿಯ ಲೇಖಕರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಕೂಡ ಇದ್ದರು. ಆ ಅಧ್ಯಯನ ಕೊಲೆಸ್ಟ್ರಾಲ್ ಅಂಕಿಗಿಂತ ಕಣಗಳ ಪ್ರೋಟೀನ್ ಮೇಲೆ ಹೆಚ್ಚು ಭರವಸೆ ಇಟ್ಟಿತ್ತು. ಎಲ್‌ಡಿಎಲ್ ಆಗಲಿ, ಟ್ರೈಗ್ಲಿಸರೈಡ್ ಹೊರುವ ವಿಎಲ್‌ಡಿಎಲ್ ಆಗಲಿ, ಒಂದೊಂದು ಕಣದ ಮೇಲೂ ಅಪೊ ಬಿ ಅನ್ನುವ ಪ್ರೋಟೀನ್ ಒಂದೇ ಒಂದು ಇರುತ್ತದೆ. ಅಪೊ ಬಿ ಅಳೆದರೆ ಕೆಟ್ಟ ಕಣಗಳ ತಲೆ ಎಣಿಸಿದಂತೆ.

ಎರಡು ರಿಪೋರ್ಟ್ ಊಹಿಸಿಕೊಳ್ಳಿ. ಇಬ್ಬರದೂ ಒಟ್ಟು ಕೊಲೆಸ್ಟ್ರಾಲ್ 190. ಮೊದಲನೆಯವರ ಎಚ್‌ಡಿಎಲ್ 55, ಟ್ರೈಗ್ಲಿಸರೈಡ್ 100. ಎರಡನೆಯವರ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240. ಎಲ್‌ಡಿಎಲ್ ಅನ್ನು ಬಹಳಷ್ಟು ಲ್ಯಾಬುಗಳು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. 1972ರಿಂದ ಬಂದ ಸೂತ್ರ ಇದು. ಅದರಂತೆ ಮೊದಲನೆಯವರ ಎಲ್‌ಡಿಎಲ್ 115, ಎರಡನೆಯವರದು 108. ಎಲ್‌ಡಿಎಲ್ ಮಾತ್ರ ನೋಡಿದರೆ ಎರಡನೆಯವರೇ ಬೆಸ್ಟ್!

ಈಗ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಒಂದನ್ನೇ ಕಳೆಯಿರಿ. ಉಳಿದದ್ದು ನಾನ್-ಎಚ್‌ಡಿಎಲ್. ಮೊದಲನೆಯವರದು 135, ಎರಡನೆಯವರದು 156. ಲೆಕ್ಕ ತಿರುಗಿ ಬಿತ್ತು. ಎಲ್‌ಡಿಎಲ್‌ಗೆ ವೈದ್ಯರು ಯಾವ ಗುರಿ ಇಟ್ಟಿದ್ದಾರೋ ಅದಕ್ಕೆ 30 ಸೇರಿಸಿದರೆ ನಾನ್-ಎಚ್‌ಡಿಎಲ್ ಗುರಿ ಬರುತ್ತದೆ. ಇದಕ್ಕೆ ಹೆಚ್ಚು ದುಡ್ಡೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಎಷ್ಟೋ ರಿಪೋರ್ಟ್‌ಗಳಲ್ಲಿ ಇದು ಕೆಳಗಿನ ಸಾಲಿನಲ್ಲಿ ಇದ್ದೇ ಇರುತ್ತದೆ, ಯಾರೂ ನೋಡುವುದಿಲ್ಲ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಆ ಐದನೇ ಒಂದರ ಸೂತ್ರ ಕೈಕೊಡುತ್ತದೆ. ಆಗ ಡೈರೆಕ್ಟ್ ಎಲ್‌ಡಿಎಲ್ ಅಥವಾ ಅಪೊ ಬಿ ಮಾಡಿಸುವುದು ಒಳ್ಳೆಯದು.

‘ದಿನಾ ಒಂದು ಪೆಗ್ ಹಾಕಿದರೆ ಎಚ್‌ಡಿಎಲ್ ಏರುತ್ತಂತೆ’ ಅನ್ನುವವರು ಪ್ರತಿ ಮದುವೆ ಮನೆಯಲ್ಲೂ ಒಬ್ಬರು ಸಿಗುತ್ತಾರೆ. ಏರುವುದು ನಿಜ. ಟ್ರೈಗ್ಲಿಸರೈಡ್ ಮತ್ತು ಬಿಪಿ ಕೂಡ ಜೊತೆಗೇ ಏರುತ್ತವೆ. ಏರಿದ ಎಚ್‌ಡಿಎಲ್ ಹೃದಯ ಕಾಯುತ್ತದೆ ಅನ್ನುವುದಕ್ಕೆ ಮೇಲಿನ ಇಷ್ಟು ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲವಲ್ಲ.

ಆ ಎರಡನೆಯವರು ದಿನಾ ನಡೆದು, ರಾತ್ರಿಯ ಅನ್ನ ಮತ್ತು ಸಿಹಿ ಕಡಿಮೆ ಮಾಡಿ, ಸೊಂಟದ ಸುತ್ತಳತೆ ಇಳಿಸಿದರು ಅಂತಿಟ್ಟುಕೊಳ್ಳಿ. ಕೆಲವು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ಟ್ರೈಗ್ಲಿಸರೈಡ್ 150, ಒಟ್ಟು ಕೊಲೆಸ್ಟ್ರಾಲ್ 162, ಎಚ್‌ಡಿಎಲ್ 36. ಲ್ಯಾಬಿನವರು ಆ 36 ಅನ್ನು ಮತ್ತೆ ದಪ್ಪಕ್ಷರದಲ್ಲೇ ಹಾಕುತ್ತಾರೆ, ರಕ್ತ ಕೊಟ್ಟವರೂ ಅದನ್ನೇ ಹಿಡಿದು ಬೇಸರ ಮಾಡಿಕೊಳ್ಳುತ್ತಾರೆ. ನಾನ್-ಎಚ್‌ಡಿಎಲ್ ಮಾತ್ರ 156ರಿಂದ 126ಕ್ಕೆ ಬಂದಿರುತ್ತದೆ.